ಶಾಲೆಗೆ ಹೊರಟಾಗಲೇ ಹೊಟ್ಟೆನೋವು: ಮಗುವಿನದು ನಾಟಕವೇ, ಆತಂಕವೇ?

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಬಗ್ಗೆ ಎರಡು ಬಗೆಯ ಸಂದೇಶಗಳು ಫೋನಿಗೆ ಬರತೊಡಗುತ್ತವೆ. ಮೊದಲನೆಯದು ಹೀಗಿರುತ್ತದೆ: ಬೆಳಿಗ್ಗೆ ಹೊಟ್ಟೆನೋವು ಎಂದು ಅಳುವ ಮಗು ನಾಟಕ ಮಾಡುತ್ತಿರುತ್ತದೆ, ಎರಡು ದಿನ ಗದರಿಸಿ ಕಳಿಸಿದರೆ ಹಟ ತಾನಾಗಿಯೇ ಬಿಟ್ಟುಹೋಗುತ್ತದೆ. ಎರಡನೆಯದು ಇದಕ್ಕೆ ಪೂರ್ತಿ ವಿರುದ್ಧ: ಮಗುವನ್ನು ಎಂದೂ ಅಳಿಸಬೇಡಿ, ಅಳುವ ಮಗುವನ್ನು ಶಾಲೆಗೆ ಕಳಿಸಿದರೆ ಅದರ ಮನಸ್ಸಿಗೆ ಜೀವನಪೂರ್ತಿ ಗಾಯವಾಗುತ್ತದೆ.

ಎರಡಕ್ಕೂ ಕೊನೆಯಲ್ಲಿ ಕೈಮುಗಿದ ಚಿಹ್ನೆ, ಎಲ್ಲ ತಂದೆತಾಯಂದಿರಿಗೂ ತಲುಪಿಸಿ ಎಂಬ ಮನವಿ. ಇವುಗಳಲ್ಲಿ ಯಾವುದು ಸರಿ?

ಎರಡೂ ಸರಿಯಲ್ಲ. ಮಕ್ಕಳ ಭಯದ ಬಗ್ಗೆ ಮನಶ್ಶಾಸ್ತ್ರಜ್ಞರು ಸುಮಾರು ನೂರು ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅದರಿಂದ ಸಿಕ್ಕ ಉತ್ತರ ಈ ಎರಡು ಸಂದೇಶಗಳ ನಡುವೆ ಎಲ್ಲೋ ಇದೆ. ಅದನ್ನು ಈ ಬರಹದಲ್ಲಿ ಒಂದೊಂದಾಗಿ ನೋಡೋಣ.

ಹೊಟ್ಟೆನೋವು ನಿಜವೇ?

ಮೂರನೇ ತರಗತಿಯ ಒಬ್ಬಳು ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಭಾನುವಾರ ಇಡೀ ದಿನ ಆಡಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ. ಇಡ್ಲಿ ಸೇರುವುದಿಲ್ಲ. ಶಾಲೆಯ ವ್ಯಾನ್ ಹೊರಟುಹೋಗಿ ಅರ್ಧ ಗಂಟೆಯಾದ ಮೇಲೆ ನೋವೂ ಇಲ್ಲ, ಅಳುವೂ ಇಲ್ಲ. ನೋಡಿದವರಿಗೆ ಇದು ನಾಟಕ ಅನ್ನಿಸುವುದು ಸಹಜ.

ಆದರೆ ಆ ನೋವು ಸುಳ್ಳಲ್ಲ. ಅಪಾಯ ಬರುತ್ತಿದೆ ಎಂದು ಮೆದುಳಿಗೆ ಅನ್ನಿಸಿದ ಕೂಡಲೇ ಅದು ದೇಹವನ್ನು ಹೋರಾಟಕ್ಕೆ ಅಥವಾ ಓಟಕ್ಕೆ ಸಿದ್ಧಗೊಳಿಸುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಅಂಗೈ ಬೆವರುತ್ತದೆ. ಕೈಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಾದ್ದರಿಂದ ಹೊಟ್ಟೆಯ ಕಡೆಗೆ ಹರಿಯುವ ರಕ್ತ ಕಡಿಮೆಯಾಗಿ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಹೊಟ್ಟೆ ಕಿವುಚಿದಂತಾಗುವುದು, ವಾಕರಿಕೆ, ಪದೇ ಪದೇ ಶೌಚಕ್ಕೆ ಹೋಗಬೇಕೆನಿಸುವುದು ಇದರಿಂದಲೇ. ಪರೀಕ್ಷೆಯ ಹಾಲ್‌ಗೆ ಹೋಗುವ ಮುನ್ನ ನಮಗೂ ನಿಮಗೂ ಆಗಿದ್ದು ಇದೇ.

ಅಪಾಯ ತಪ್ಪಿತು ಎಂದು ಅನ್ನಿಸಿದ ಮೇಲೆ ದೇಹ ಮೊದಲಿನ ಸ್ಥಿತಿಗೆ ಬರುತ್ತದೆ. ವ್ಯಾನ್ ಹೋದ ಮೇಲೆ ನೋವು ಮಾಯವಾಗುವುದು ಇದೇ ಕಾರಣಕ್ಕೆ. ದೊಡ್ಡವರು ನನಗೆ ಆತಂಕವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಬಲ್ಲರು. ಚಿಕ್ಕ ಮಕ್ಕಳ ಬಳಿ ಆ ಪದವೇ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಹೊಟ್ಟೆ, ತಲೆ ಮತ್ತು ಅಳು.

ಒಂದು ಎಚ್ಚರಿಕೆ. ಮತ್ತೆ ಮತ್ತೆ ಬರುವ ಹೊಟ್ಟೆನೋವನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ನಿಲ್ಲದ ವಾಂತಿ, ತೂಕ ಇಳಿಯುವುದು, ಮಲದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಆತಂಕ ಎಂದುಕೊಂಡು ಸುಮ್ಮನಿರಬೇಡಿ, ತಡಮಾಡದೆ ವೈದ್ಯರ ಬಳಿ ಹೋಗಿ.

ಎಲ್ಲ ಭಯವೂ ಕಾಯಿಲೆಯೇ?

ಅಲ್ಲ. ಭಯ ಬೆಳವಣಿಗೆಯ ಒಂದು ಭಾಗ. ಎಂಟೊಂಬತ್ತು ತಿಂಗಳ ಕೂಸು ಹೊಸಬರನ್ನು ಕಂಡು ಅಳುತ್ತದೆ, ಅಮ್ಮ ಕಣ್ಣಿಂದ ಮರೆಯಾದರೆ ಗಾಬರಿಯಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕತ್ತಲು, ದೆವ್ವ, ಗುಡುಗು, ನಾಯಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಟೀಚರ್ ಬೈಯುತ್ತಾರೆ, ಅಪ್ಪ ಅಮ್ಮನಿಗೆ ಏನಾದರೂ ಆದರೆ ಏನು ಗತಿ ಎಂಬ ಚಿಂತೆ. ಹದಿಹರೆಯದಲ್ಲಿ ಬೇರೆಯವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಎಂಬ ಅಳುಕು. ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಕಡಿಮೆಯಾಗುತ್ತವೆ.

ಭಯವು ಮಗುವಿನ ಊಟ, ನಿದ್ದೆ, ಆಟ, ಓದು, ಗೆಳೆತನಗಳನ್ನು ತಡೆಯತೊಡಗಿ, ವಾರಗಟ್ಟಲೆ ಹಾಗೆಯೇ ಉಳಿದರೆ ಆಗ ಗಮನ ಕೊಡಬೇಕು. ಇದು ಅಪರೂಪವೇನೂ ಅಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ 7.3% ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಜಗತ್ತಿನಲ್ಲಿ 10ರಿಂದ 19 ವರ್ಷದ ಏಳು ಮಂದಿಯಲ್ಲಿ ಒಬ್ಬರಿಗೆ ಇಂಥ ಸಮಸ್ಯೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಗದರಿಸಿದರೆ, ಗೇಲಿ ಮಾಡಿದರೆ ಭಯ ಹೋಗುತ್ತದೆಯೇ?

ಈ ಪ್ರಶ್ನೆಗೆ 1924ರಲ್ಲೇ ಒಬ್ಬ ಮನಶ್ಶಾಸ್ತ್ರಜ್ಞೆ ಉತ್ತರ ಹುಡುಕಿದ್ದರು. ಹೆಸರು ಮೇರಿ ಕವರ್ ಜೋನ್ಸ್, ಊರು ಅಮೆರಿಕದ ನ್ಯೂಯಾರ್ಕ್. ಭಯಪಡುವ ಚಿಕ್ಕ ಮಕ್ಕಳ ಮೇಲೆ ಅವರು ಬೇರೆ ಬೇರೆ ವಿಧಾನಗಳನ್ನು ಪ್ರಯತ್ನಿಸಿ ನೋಡಿದರು. ಭಯದ ವಸ್ತುವನ್ನು ಬಹಳ ದಿನ ಕಣ್ಣಿಗೇ ಬೀಳದಂತೆ ಇಡುವುದು, ಅದರ ಬಗ್ಗೆ ಒಳ್ಳೆಯ ಮಾತು ಹೇಳುವುದು, ಬೇರೆಡೆಗೆ ಗಮನ ಸೆಳೆಯುವುದು, ಉಳಿದ ಮಕ್ಕಳು ಗೇಲಿ ಮಾಡುವುದು ಹೀಗೆ. ಇವುಗಳಲ್ಲಿ ಯಾವುದೂ ಭರವಸೆಯ ಫಲ ಕೊಡಲಿಲ್ಲ. ಸ್ಪಷ್ಟವಾಗಿ ಫಲ ಕೊಟ್ಟದ್ದು ಎರಡೇ: ಭಯದ ವಸ್ತುವನ್ನು ಮಗುವಿಗೆ ಇಷ್ಟವಾದ ಸಂಗತಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರುವುದು ಮತ್ತು ಭಯವಿಲ್ಲದ ಮಕ್ಕಳು ಅದರೊಡನೆ ಆಡುವುದನ್ನು ನೋಡಲು ಬಿಡುವುದು.

ಪೀಟರ್ ಎಂದು ಅವರು ಕರೆದ, ಮೂರು ವರ್ಷವೂ ತುಂಬದ ಹುಡುಗನ ಕಥೆ ಮನಶ್ಶಾಸ್ತ್ರದಲ್ಲಿ ಪ್ರಸಿದ್ಧ. ಅವನಿಗೆ ಮೊಲ ಕಂಡರೆ ಭಯ. ತುಪ್ಪಳದ ಕೋಟು, ಹಕ್ಕಿಯ ಗರಿ, ಹತ್ತಿ ಕಂಡರೂ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿ ಇಡುತ್ತಿದ್ದರು. ಅವನು ಸಹಿಸುವಷ್ಟು ಮಾತ್ರ ಹತ್ತಿರ ತರುತ್ತಿದ್ದರು. ನಡುವೆ ಪೀಟರ್‌ಗೆ ಸ್ಕಾರ್ಲೆಟ್ ಜ್ವರ ಬಂದು ಎರಡು ತಿಂಗಳು ತಪ್ಪಿಹೋಯಿತು. ಆಸ್ಪತ್ರೆಯಿಂದ ಬರುವಾಗ ದೊಡ್ಡ ನಾಯಿಯೊಂದು ಮೈಮೇಲೆ ಎರಗಿ, ಕಡಿಮೆಯಾಗಿದ್ದ ಭಯ ಮತ್ತೆ ಮರಳಿತು. ಜೋನ್ಸ್ ಮತ್ತೆ ದೂರದ ಮೂಲೆಯಿಂದಲೇ ಶುರುಮಾಡಿದರು. ಕೊನೆಗೆ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಲು ಬಿಡುವಷ್ಟು ಧೈರ್ಯಗೊಂಡ.

ಇದು ಒಬ್ಬ ಹುಡುಗನ ಕಥೆ, ಇಷ್ಟರಿಂದಲೇ ಏನನ್ನೂ ಸಾಬೀತು ಮಾಡಲಾಗದು. ಆದರೆ ಇಂದಿನ ಚಿಕಿತ್ಸೆಗಳು ಬೆಳೆದದ್ದು ಇದೇ ದಾರಿಯಲ್ಲಿ. ನಮ್ಮ ಮನೆಗಳಲ್ಲಿ ಊಟ ಮಾಡಿಸಲು ಗುಮ್ಮನನ್ನು ಕರೆಯುವುದು, ಅಳುವ ಹುಡುಗನಿಗೆ ಹೆಣ್ಣಿನ ಹಾಗೆ ಅಳಬೇಡ ಎನ್ನುವುದು, ನೆಂಟರ ಮುಂದೆ ಇವನು ಪುಕ್ಕಲ ಎಂದು ನಗುವುದು ಭಯವನ್ನು ಕಡಿಮೆ ಮಾಡುವುದಿಲ್ಲ. ಭಯವನ್ನು ಬಚ್ಚಿಡುವುದನ್ನಷ್ಟೇ ಮಗು ಅದರಿಂದ ಕಲಿಯುತ್ತದೆ.

ಹಾಗಾದರೆ ಮನೆಯಲ್ಲೇ ಇರಿಸಿಕೊಳ್ಳಬಹುದೇ?

ಎರಡನೇ ಸಂದೇಶ ಎಡವುವುದು ಇಲ್ಲಿ. ನಮ್ಮ ಮೂರನೇ ತರಗತಿಯ ಹುಡುಗಿಗೆ ಸೋಮವಾರ ರಜೆ ಹಾಕಿಸಿದರೆ ಆ ಕ್ಷಣಕ್ಕೆ ಎಲ್ಲರಿಗೂ ನಿರಾಳ. ಆದರೆ ಶಾಲೆಗೆ ಹೋಗದಿದ್ದರಿಂದಲೇ ತಾನು ಪಾರಾದೆ ಎಂದು ಅವಳ ಮೆದುಳು ಕಲಿಯುತ್ತದೆ. ಮಂಗಳವಾರ ಭಯ ಇನ್ನಷ್ಟು ದೊಡ್ಡದಾಗುತ್ತದೆ. ತಪ್ಪಿಹೋದ ಪಾಠ, ಬರೆಯದ ಹೋಮ್‌ವರ್ಕ್ ಅದಕ್ಕೆ ಸೇರಿಕೊಳ್ಳುತ್ತವೆ. ಒಂದು ದಿನದ ರಜೆ ವಾರವಾಗಿ, ವಾರ ತಿಂಗಳಾಗುವುದು ಹೀಗೆಯೇ.

ಶಾಲೆ ಬಿಡಿಸುವುದಷ್ಟೇ ಅಲ್ಲ, ನಾವು ಪ್ರೀತಿಯಿಂದ ಮಾಡುವ ಇನ್ನೂ ಹಲವು ಸಹಾಯಗಳು ಇದೇ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಮಗುವಿನ ಬದಲು ನಾವೇ ಮಾತಾಡುವುದು, ಹನ್ನೆರಡು ವರ್ಷವಾದರೂ ಬಚ್ಚಲುಮನೆಯ ಬಾಗಿಲಲ್ಲಿ ಕಾವಲು ನಿಲ್ಲುವುದು, ಏನೂ ಆಗಲ್ಲ ಎಂದು ದಿನಕ್ಕೆ ಮೂವತ್ತು ಸಲ ಭರವಸೆ ಕೊಡುವುದು. ಪ್ರತಿ ಸಲವೂ ಮಗುವಿಗೆ ಸಿಗುವ ಪಾಠ ಒಂದೇ: ನನ್ನಿಂದ ಒಬ್ಬಳೇ ಆಗುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಲಿ ಲೆಬೊವಿಟ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆತಂಕದ ಕಾಯಿಲೆಯಿದ್ದ, 7ರಿಂದ 14 ವರ್ಷದ 124 ಮಕ್ಕಳಿದ್ದರು. ಒಂದು ಗುಂಪಿನಲ್ಲಿ ಮಕ್ಕಳಿಗೆ ನೇರವಾಗಿ ಮಾತಿನ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮಕ್ಕಳನ್ನು ಚಿಕಿತ್ಸೆಗೆ ಕರೆಯಲೇ ಇಲ್ಲ. ಬದಲಿಗೆ ಇಂಥ ಸಹಾಯಗಳನ್ನು ನಿಧಾನವಾಗಿ ಕಡಿಮೆ ಮಾಡುತ್ತ ಮಗುವಿಗೆ ಆಸರೆಯಾಗಿರುವುದನ್ನು ತಂದೆತಾಯಿಗೆ ಕಲಿಸಿದರು. ಎರಡನೇ ಗುಂಪಿನ ಮಕ್ಕಳೂ ಮೊದಲ ಗುಂಪಿನವರಷ್ಟೇ ಸುಧಾರಿಸಿದರು. ಮನೆಯವರ ನಡವಳಿಕೆ ಬದಲಾದರೆ ಮಗುವಿನ ಭಯವೂ ಬದಲಾಗುತ್ತದೆ ಎಂಬುದಕ್ಕೆ ಇದು ಬಲವಾದ ಪುರಾವೆ.

ಮೊದಲು ಕಾರಣ ಕೇಳಿ

ಕೆಲವೊಮ್ಮೆ ಮಗುವಿನ ಭಯಕ್ಕೆ ನಿಜವಾದ ಕಾರಣವಿರುತ್ತದೆ. ಯಾರೋ ಹೊಡೆಯುತ್ತಿರಬಹುದು, ಅಡ್ಡಹೆಸರಿಟ್ಟು ಕಾಡುತ್ತಿರಬಹುದು. ಶೌಚಾಲಯ ಗಲೀಜಾಗಿದ್ದು ದಿನವಿಡೀ ತಡೆದುಕೊಂಡಿರಬಹುದು. ಬೋರ್ಡ್ ಕಾಣಿಸದಿರಬಹುದು, ಓದುವುದರಲ್ಲೇ ತೊಡಕಿರಬಹುದು. ಯಾರಾದರೂ ಮೈ ಮುಟ್ಟಿ ಹಿಂಸೆ ಕೊಡುತ್ತಿರಲೂಬಹುದು. ಇಂಥ ಸಂದರ್ಭದಲ್ಲಿ ಧೈರ್ಯ ತಂದುಕೋ ಎಂದು ಮಗುವನ್ನು ಕಳಿಸಿದರೆ ಅದನ್ನು ಅಪಾಯದ ಬಾಯಿಗೇ ದೂಡಿದಂತೆ. ಮೊದಲು ಆ ಅಪಾಯ ನಿಲ್ಲಬೇಕು.

ಏಕೆ ಹೋಗುವುದಿಲ್ಲ ಎಂದು ಬೆಳಿಗ್ಗೆಯ ಗಡಿಬಿಡಿಯಲ್ಲಿ ಕೇಳಿದರೆ ಉತ್ತರ ಸಿಗದು. ಸಂಜೆ ಒಟ್ಟಿಗೆ ನಡೆಯುವಾಗಲೋ ಅವರೆಕಾಯಿ ಬಿಡಿಸುವಾಗಲೋ, ಮುಖ ನೋಡದೆ ಮಾತಾಡುವಂಥ ಹೊತ್ತಿನಲ್ಲಿ ಕೇಳಿ. ಶಾಲೆಯಲ್ಲಿ ಯಾವ ಹೊತ್ತು ತುಂಬಾ ಕಷ್ಟ, ಯಾವ ಹೊತ್ತು ಪರವಾಗಿಲ್ಲ ಎಂದು ಕೇಳಿದರೆ ಮಕ್ಕಳಿಗೆ ಹೇಳುವುದು ಸುಲಭ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದೂ ಮಾನಸಿಕ ಕಿರುಕುಳ ಕೊಡುವುದೂ ನಿಷಿದ್ಧ. ಹಿಂಸೆ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಮನೆಯಲ್ಲಿ ಮಾಡಬಹುದಾದ ಐದು ಕೆಲಸಗಳು

1. ಭಾವನೆಗೆ ಹೆಸರು ಕೊಡಿ. ಭಾವನೆಗೆ ಪದ ಸಿಕ್ಕಾಗ ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಗುವುದನ್ನು ಲಾಸ್ ಏಂಜಲೀಸ್‌ನ ಸಂಶೋಧಕರು 2007ರಲ್ಲಿ ವಯಸ್ಕರ ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದ್ದರು. ನಮ್ಮ ಭಾಷೆಯಲ್ಲಿ ಇದಕ್ಕೆ ಪದಗಳ ಕೊರತೆಯಿಲ್ಲ. ಅಳುಕು, ದಿಗಿಲು, ಗಾಬರಿ, ತಳಮಳ, ಸಂಕೋಚ, ಬೇಜಾರು, ಸಿಟ್ಟು, ಹೊಟ್ಟೆಕಿಚ್ಚು ಇವೆಲ್ಲ ಬೇರೆ ಬೇರೆ. ಇವತ್ತು ನನಗೆ ಆಫೀಸಿನಲ್ಲಿ ಸ್ವಲ್ಪ ದಿಗಿಲಾಗಿತ್ತು ಎಂದು ನೀವೇ ಹೇಳಿದರೆ ಮಗು ಕಲಿಯುತ್ತದೆ. ತಮ್ಮನ ಮೇಲೆ ಕೈಮಾಡಿದ ಮಗುವಿಗೂ ಇದೇ ಮಾತು: ಸಿಟ್ಟು ಬರುವುದು ತಪ್ಪಲ್ಲ, ಹೊಡೆಯುವುದು ತಪ್ಪು.

2. ಎರಡು ಭಾಗದ ಮಾತು ಹೇಳಿ. ಮೊದಲ ಭಾಗ ಭಯವನ್ನು ಒಪ್ಪಿಕೊಳ್ಳಬೇಕು, ಎರಡನೆಯದು ನಂಬಿಕೆ ತೋರಿಸಬೇಕು. “ನಿನಗೆ ತುಂಬಾ ಭಯ ಆಗ್ತಿದೆ ಅಂತ ನಂಗೆ ಗೊತ್ತು ಪುಟ್ಟಿ. ಭಯ ಇದ್ರೂ ನೀನು ಇದನ್ನ ಮಾಡ್ತೀಯ ಅಂತಾನೂ ಗೊತ್ತು.” ಮೊದಲ ಭಾಗವನ್ನಷ್ಟೇ ಹೇಳಿದರೆ ಮಗು ಅಲ್ಲೇ ಉಳಿಯುತ್ತದೆ. ಎರಡನೆಯದನ್ನಷ್ಟೇ ಹೇಳಿದರೆ ಅಮ್ಮನಿಗೆ ನನ್ನ ಕಷ್ಟವೇ ಗೊತ್ತಿಲ್ಲ ಅಂದುಕೊಳ್ಳುತ್ತದೆ.

3. ನಿಧಾನವಾಗಿ ಉಸಿರಾಡುವುದನ್ನು ಕಲಿಸಿ. ಬಿಸಿ ಹಾಲನ್ನು ಆರಿಸುವ ಹಾಗೆ ಮೆಲ್ಲಗೆ, ಉದ್ದಕ್ಕೆ ಊದಲು ಹೇಳಿ. ಉಸಿರು ಬಿಡುವ ಹೊತ್ತು ಎಳೆದುಕೊಳ್ಳುವ ಹೊತ್ತಿಗಿಂತ ಹೆಚ್ಚಿರಲಿ. ಎದೆ ಬಡಿತ ಇಳಿಯಲು ಇದು ನೆರವಾಗುತ್ತದೆ. ಅಭ್ಯಾಸವನ್ನು ಮಗು ನೆಮ್ಮದಿಯಾಗಿರುವಾಗ, ಮಲಗುವ ಮುಂಚೆ ಮಾಡಿಸಿ. ಆದರೆ 60 ಸೆಕೆಂಡಿನಲ್ಲಿ ಆತಂಕ ಮಾಯ ಎನ್ನುವ ವಿಡಿಯೋಗಳನ್ನು ನಂಬಬೇಡಿ. ಉಸಿರಾಟದಿಂದ ದೇಹ ಸ್ವಲ್ಪ ಶಾಂತವಾಗಬಹುದು, ಭಯ ಬೇರುಸಹಿತ ಹೋಗುವುದಿಲ್ಲ. ಅದಕ್ಕೆ ಮುಂದಿನ ಹೆಜ್ಜೆ ಬೇಕು.

4. ಮೆಟ್ಟಿಲು ಮಾಡಿ. ಪೀಟರ್‌ನ ಮೊಲ ನೆನಪಿದೆಯೇ? ಅದೇ ವಿಧಾನ. ಮಗುವಿನ ಜೊತೆ ಕೂತು, ಸುಲಭದಿಂದ ಕಷ್ಟದ ಕಡೆಗೆ ಆರೇಳು ಮೆಟ್ಟಿಲುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಹುಡುಗಿ ಆಗಲೇ ಕೆಲವು ವಾರ ಶಾಲೆ ತಪ್ಪಿಸಿದ್ದರೆ ಮೆಟ್ಟಿಲುಗಳು ಹೀಗಿರಬಹುದು: ಭಾನುವಾರ ಶಾಲೆಯ ಗೇಟಿನವರೆಗೆ ನಡೆದು ಬರುವುದು, ಸಂಜೆ ಶಾಲೆ ಬಿಟ್ಟ ಮೇಲೆ ಟೀಚರನ್ನು ಮಾತಾಡಿಸಿ ಬರುವುದು, ಅಮ್ಮ ಶಾಲೆಯ ಆವರಣದಲ್ಲಿರುವಾಗ ಒಂದು ಪೀರಿಯಡ್ ಕೂರುವುದು, ಅಮ್ಮ ಮನೆಗೆ ಹೋದ ಮೇಲೆ ಮಧ್ಯಾಹ್ನದ ಊಟದವರೆಗೆ ಇರುವುದು, ಕೊನೆಗೆ ಇಡೀ ದಿನ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಅಲ್ಲೇ ಅಭ್ಯಾಸ ಮಾಡಿಸಿ, ಆಮೇಲೆ ಮುಂದಕ್ಕೆ. ಭಯ ಪೂರ್ತಿ ಹೋಗಲಿ ಎಂದು ಕಾಯಬೇಡಿ, ಸ್ವಲ್ಪ ಅಳುಕು ಇರುವಾಗಲೇ ಹತ್ತಬೇಕು. ಹತ್ತಿದಾಗ ಮೆಚ್ಚಿಕೊಳ್ಳಿ. ಜ್ವರವೋ ದಸರಾ ರಜೆಯೋ ಬಂದು ಕೆಳಗಿಳಿದರೆ ಕೈಚೆಲ್ಲಬೇಡಿ, ಎರಡು ಮೆಟ್ಟಿಲು ಹಿಂದಿನಿಂದ ಮತ್ತೆ ಶುರುಮಾಡಿ. ಟೀಚರಿಗೆ ಈ ಯೋಜನೆಯನ್ನು ಮೊದಲೇ ತಿಳಿಸಿ, ಅವರ ಸಹಕಾರ ಕೇಳಿ.

ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಓಡಿಬರಬೇಡಿ. ಹಾಗೆ ಮಾಡಿದರೆ ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಎಂದು ಮಗು ಸದಾ ಕಾವಲು ಕಾಯುತ್ತದೆ. ಅರ್ಧ ಗಂಟೆ ಅಪ್ಪಿಕೊಂಡು ನಿಲ್ಲುವುದೂ ಬೇಡ. ಮೂರೂವರೆಗೆ ಬರ್ತೀನಿ ಎಂದು ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ.

5. ನಿಮ್ಮ ಮುಖ ನೋಡಿಕೊಳ್ಳಿ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ವರ್ಷದ ಕೂಸುಗಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ಹಳ್ಳವಿದ್ದಂತೆ ಕಾಣುತ್ತಿತ್ತು. ಆಚೆ ತುದಿಯಲ್ಲಿ ಅಮ್ಮ ನಗುಮುಖ ಮಾಡಿದಾಗ 19 ಕೂಸುಗಳಲ್ಲಿ 14 ದಾಟಿದವು. ಅಮ್ಮ ಭಯದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಅಪಾಯ ಎಷ್ಟಿದೆ ಎಂಬುದನ್ನು ಮಕ್ಕಳು ನಮ್ಮ ಮುಖ ನೋಡಿ ಅಳೆಯುತ್ತಾರೆ. ಮಗುವನ್ನು ಬಿಡುವಾಗ ನಿಮಗೇ ಅಳು ಬರುವಂತಿದ್ದರೆ ಕೆಲವು ದಿನ ಅಪ್ಪನೋ ಅಜ್ಜನೋ ಚಿಕ್ಕಮ್ಮನೋ ಬಿಟ್ಟು ಬರಲಿ.

ದೃಷ್ಟಿ ತೆಗೆದರೆ, ತಾಯಿತ ಕಟ್ಟಿಸಿದರೆ?

ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ದೃಷ್ಟಿ ತೆಗೆದಾಗ ಮಗುವಿಗೆ ಹಾಯೆನಿಸಬಹುದು. ಮನೆಯವರೆಲ್ಲ ತನ್ನ ಬಗ್ಗೆ ಕಾಳಜಿ ಮಾಡುತ್ತಿದ್ದಾರೆ ಎಂಬುದೇ ಒಂದು ಸಮಾಧಾನ. ಅದಕ್ಕಾಗಿ ಹಿರಿಯರ ಜೊತೆ ಜಗಳ ಬೇಡ. ಆದರೆ ಮೂರು ವಿಷಯ ನೆನಪಿರಲಿ. ನಿನಗೆ ಗಾಳಿ ಸೋಕಿದೆ, ಏನೋ ಮೆಟ್ಟಿಕೊಂಡಿದೆ ಎಂದು ಮಗುವಿನ ಮುಂದೆ ಹೇಳಿದರೆ ಇದ್ದ ಭಯದ ಮೇಲೆ ಇನ್ನೊಂದು ಭಯ ಹೇರಿದಂತೆ. ಧೈರ್ಯವೆಲ್ಲ ತಾಯಿತದ್ದು ಎಂದು ನಂಬಿದ ಮಗು, ಅದು ಕಳೆದ ದಿನ ಶಾಲೆಗೇ ಹೋಗಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇದರಲ್ಲೇ ತಿಂಗಳುಗಳು ಕಳೆದು ಚಿಕಿತ್ಸೆ ತಡವಾಗಬಾರದು. ಮುಖ ಸುಡುವ ಹೊಗೆ, ಹೊಡೆತ, ಬರೆ ಇವು ಹಿಂಸೆ. ಯಾವ ಕಾರಣಕ್ಕೂ ಒಪ್ಪಬೇಡಿ.

ಯಾವಾಗ ಸಹಾಯ ಪಡೆಯಬೇಕು?

ಎರಡು ಮೂರು ವಾರ ಪ್ರಯತ್ನಿಸಿದರೂ ಮಗು ಶಾಲೆಗೆ ಹೋಗದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ ಮಕ್ಕಳ ವೈದ್ಯರು, ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ. ಬದುಕಿರಬಾರದು, ಸಾಯಬೇಕು ಎಂಬ ಮಾತು ಬಂದರೆ, ಮೈಗೆ ಗಾಯ ಮಾಡಿಕೊಂಡಿದ್ದರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಸಹಾಯ ಪಡೆಯಿರಿ.

ಚಿಕಿತ್ಸೆಯಿಂದ ಪ್ರಯೋಜನವಿದೆಯೇ? ಇದೆ. 2008ರಲ್ಲಿ ಪ್ರಕಟವಾದ, 7ರಿಂದ 17 ವರ್ಷದ 488 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪಡೆದವರಲ್ಲಿ ಸುಮಾರು 60% ಮಕ್ಕಳು ಚೆನ್ನಾಗಿ ಸುಧಾರಿಸಿದರು. ಸಿಬಿಟಿ ಜೊತೆಗೆ ಔಷಧವನ್ನೂ ಪಡೆದವರಲ್ಲಿ ಅದು ಸುಮಾರು 81%. ಔಷಧವಿಲ್ಲದ ಬರಿಯ ತೋರಿಕೆಯ ಮಾತ್ರೆ ಪಡೆದವರಲ್ಲಿ ಸುಮಾರು 24%. ಈ ಸಿಬಿಟಿಯ ಒಂದು ಮುಖ್ಯ ಭಾಗವೂ ಮೇಲೆ ಹೇಳಿದ ಮೆಟ್ಟಿಲುಗಳೇ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ನಿದ್ದೆ ಮಾತ್ರೆಯನ್ನೋ ಬೇರೆ ಮಗುವಿಗೆ ಬರೆದ ಔಷಧವನ್ನೋ ನೀವೇ ಕೊಡಬೇಡಿ.

ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಈ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮಗುವಿನ ಹೊಟ್ಟೆನೋವು ನಾಟಕವಲ್ಲ, ಅದನ್ನು ನಂಬಿ. ಕಾರಣವನ್ನು ಸಮಾಧಾನದಿಂದ ಕೇಳಿ, ನಿಜವಾದ ಅಪಾಯವಿದ್ದರೆ ಮೊದಲು ಅದನ್ನು ನಿಲ್ಲಿಸಿ. ಗದರಿಸಿ ನೂಕಿದರೂ ಭಯ ಬೆಳೆಯುತ್ತದೆ, ಪ್ರತಿ ಸಲ ತಪ್ಪಿಸಿದರೂ ಬೆಳೆಯುತ್ತದೆ. ಜೊತೆಗಿದ್ದು, ಒಂದೊಂದೇ ಮೆಟ್ಟಿಲು ಹತ್ತಿಸಿದರೆ ಕಡಿಮೆಯಾಗುತ್ತದೆ. ಸಾಲದಿದ್ದರೆ 14416.